ರಾಕ್ಷಸ ಮೆಣಸಿನಕಾಯಿಗೆ ಸಾರಥಿ ಬೇಕು

ಮೈಕಿನ ಮುಂದೆ ಕೂತವರಿಗೆ ನಗಬಾರದ ಹೊತ್ತಿನಲ್ಲೇ ನಗು ಬರುತ್ತದೆ. ನನಗಂತೂ ಇದು ವಾರಕ್ಕೊಮ್ಮೆ ತಪ್ಪದ ಸೇವೆ.

ಬಳ್ಳಾರಿಯಲ್ಲಿ ನನ್ನ ಮುಖ ಕಂಡವರು ಕಡಿಮೆ, ದನಿ ಕೇಳದವರು ಇಲ್ಲ. ಆಟೋ ಮೇಲೆ ಮೈಕು ಕಟ್ಟಿಕೊಂಡು "ಮಹಾಜನರಲ್ಲಿ ವಿನಂತಿ" ಅಂತ ಓಣಿ ಓಣಿ ಸುತ್ತುತ್ತದಲ್ಲ, ಆ ಹೆಣ್ಣು ದನಿ ನನ್ನದು. ಸೀರೆ ಮೇಳ, ಜೀನ್ಸ್ ಪ್ಯಾಂಟು, ಉಚಿತ ಕಣ್ಣು ತಪಾಸಣೆ, ಎಲ್ಲಕ್ಕೂ ನಾನೇ. ಕೋಟೆ ಗುಡ್ಡದ ಕೆಳಗಿನ ನಮ್ಮ ಮನೆಯ ಮುಂದಿನ ಕೋಣೆಗೆ ಹಳೆಯ ಗಾದಿಗಳನ್ನು ಬಡಿದು, ಅದಕ್ಕೆ ಸ್ಟುಡಿಯೋ ಅಂತ ನಾಮಕರಣ ಮಾಡಿದ್ದೇನೆ.

ಒಂದು ದಿನ ಬೆಂಗಳೂರಿನ ಕಂಪನಿಯ ಮೇಡಂ ಒಬ್ಬರು ಫೋನ್ ಮಾಡಿದರು. ಮಕ್ಕಳ ಕಾರ್ಟೂನು, ನಿಮ್ಮ ಕಡೆಯ ಕನ್ನಡದಲ್ಲಿ ಮಾತು ಕೂಡಿಸಬೇಕು ಅಂದರು. ಕಥೆ ಇಷ್ಟು: ಒಂದು ಹೋಟೆಲು, ಅದಕ್ಕೊಬ್ಬ ಬಾಣಸಿಗ. ಅಡುಗೆಗೆ ತಂದ ಪದಾರ್ಥಗಳಿಗೆಲ್ಲ ಜೀವ ಬಂದು ಅವನ ಮೇಲೆ ತಿರುಗಿ ಬೀಳುತ್ತವೆ. ಬದನೆಕಾಯಿ ಗುದ್ದುತ್ತದೆ. ಈರುಳ್ಳಿ ಅಳುತ್ತಲೇ ಕಚ್ಚುತ್ತದೆ. ಅನ್ನ ಪಾತ್ರೆಯಿಂದ ಎದ್ದು ಆಳೆತ್ತರ ನಿಲ್ಲುತ್ತದೆ. ಬಾಣಸಿಗ ಸೌಟು ಹಿಡಿದು ಯುದ್ಧ ಮಾಡಬೇಕು, ಗೆದ್ದರೆ ಗಿರಾಕಿಗೆ ಊಟ. "ಒಂದು ಕಂತು ಮಾಡಿಕೊಡಿ. ಮಕ್ಕಳಿಗೆ ಹಿಡಿಸಿದರೆ ಇಡೀ ಸರಣಿ ನಿಮ್ಮದೇ" ಅಂದರು ಮೇಡಂ.

ನನಗೆ ಆಸೆ ಹತ್ತಿತು. ಇಷ್ಟು ವರ್ಷ ನನ್ನ ದನಿ ಕೇಳಿದವರೆಲ್ಲ ಎದ್ದು ಹೋಗಿ ಕಿಟಕಿ ಮುಚ್ಚಿಕೊಂಡಿದ್ದಾರೆ. ಒಮ್ಮೆಯಾದರೂ ಯಾರಾದರೂ ಆ ದನಿಯನ್ನು ದೊಡ್ಡದು ಮಾಡಿಕೊಂಡು ಕೇಳಲಿ ಅನ್ನಿಸಿತು.

ಬದನೆಕಾಯಿ ಕೊಟ್ಟ ರಿಯಾಯಿತಿ

ಮೊದಲಿಗೆ ಬದನೆಕಾಯಿ ನಾನೇ ಆದೆ. ತೊಟ್ಟನ್ನೇ ಕಿರೀಟ ಮಾಡಿಕೊಂಡು ಅದು ಕಟ್ಟೆಯ ಮೇಲಿಂದ ಬಾಣಸಿಗನ ಎದೆಗೆ ಹಾರುವ ದೃಶ್ಯ. ಹೊಟ್ಟೆ ತುಂಬ ಗಾಳಿ ಎಳೆದುಕೊಂಡು ಕೂಗಿದೆ: "ಏ ಅಡಿಗಿಯವನೇ! ನಮ್ಮ ವಂಶದವ್ರನ್ನೆಲ್ಲ ಎಣ್ಣಿಗಾಯಿ ಮಾಡಿದಿ! ಇವತ್ತು ನಿನ್ನ ಸುಮ್ನ ಬಿಡಂಗಿಲ್ಲ!"

ಚೆನ್ನಾಗಿ ಬಂತು. ಆದರೆ ಸಾಲು ಮುಗಿದರೂ ಬದನೆಕಾಯಿಯ ಬಾಯಿ ಪರದೆಯ ಮೇಲೆ ಇನ್ನೂ ಆಡುತ್ತಿತ್ತು. ಖಾಲಿ ಬಿಟ್ಟರೆ ಚೆನ್ನಾಗಿರುವುದಿಲ್ಲ ಅಂತ ನಾಲಿಗೆ ತಾನೇ ಮುಂದುವರಿಯಿತು: "ತಪ್ಪದೇ ಭೇಟಿ ಕೊಡಿ! ಈ ಅವಕಾಶ ಮೂರು ದಿನ ಮಾತ್ರ!"

ಅಳಿಸಿ ಮತ್ತೆ ಮಾಡಿದೆ. ಮತ್ತೆ ಮೂರು ದಿನ ಮಾತ್ರ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ, ನನ್ನದು ಹೊಟ್ಟೆಪಾಡಿನ ಗುಣ, ಅದಕ್ಕೂ ಗಟ್ಟಿ. ಕೊನೆಗೆ ಸಾಲು ಮುಗಿದ ಕೂಡಲೇ ಸೆರಗು ಬಾಯಿಗೆ ತುರುಕಿಕೊಂಡು ಮಾಡಿದೆ. ಈಗಲೂ ಗಮನವಿಟ್ಟು ಕೇಳಿದರೆ, ಬದನೆಕಾಯಿ ಕೊನೆಯಲ್ಲಿ ಬಟ್ಟೆ ತಿಂದಂತೆ ಕೇಳಿಸುತ್ತದೆ.

ಅನ್ನಕ್ಕೆ ಬಯ್ಯಬಾರದು

ಬಾಣಸಿಗನ ದನಿಗೆ ನಿಜವಾದ ಅಡುಗೆಯವರೇ ಇರಲಿ ಅಂತ ಕುರುಗೋಡಿನಿಂದ ಅಯ್ಯನವರನ್ನು ಕರೆಸಿದೆ. ಸುತ್ತಿನ ಹಳ್ಳಿಗಳಲ್ಲಿ ಮದುವೆ ಅಡುಗೆ ಎಂದರೆ ಅವರೇ. ಕೊಪ್ಪರಿಗೆಯ ಈ ಕಡೆ ನಿಂತು ಗದರಿದರೆ ಪಂಕ್ತಿಯ ಆ ತುದಿಯಲ್ಲಿ ಬಡಿಸುವವರು ಎಚ್ಚರಾಗುವಂಥ ಗಂಟಲು.

ಬದನೆಕಾಯಿಗೆ ಬಾಯಿಗೆ ಬಂದಂತೆ ಬೈದರು. ಈರುಳ್ಳಿಯ ಜನ್ಮ ಜಾಲಾಡಿದರು. ನಾನು ಗೆದ್ದೆ ಅಂದುಕೊಂಡೆ. ಆಮೇಲೆ ಅನ್ನ ಎದ್ದು ನಿಂತಿತು. ಬಾಣಸಿಗ ಅದರ ತಲೆಗೆ ಸೌಟಿನಿಂದ ಬಡಿದು "ನಿನ್ನ ಚಿಂದಿ ಚಿಂದಿ ಮಾಡ್ತೀನಿ" ಅನ್ನಬೇಕು. ಅಯ್ಯನವರು ಮೈಕು ಪಕ್ಕಕ್ಕೆ ಸರಿಸಿದರು.

"ಹೇಳ್ರಿ ಅಯ್ಯನೋರೆ."

"ಅನ್ನಕ್ಕ ಬೈಯಂಗಿಲ್ಲ ತಂಗಿ."

"ಅದು ಕಾರ್ಟೂನ್ ಅನ್ನರೀ!"

"ಯಾವುದಾದ್ರೇನು? ನಾಳೆ ಅದರ ಮುಂದನ ಕುಂದ್ರಬೇಕಲ್ಲ ನಾನು."

ಊಟದ ಹೊತ್ತಿನ ತನಕ ವಾದ ನಡೆಯಿತು. ಹೊಡೆಯುವುದು ಬೊಂಬೆ, ನಾನಲ್ಲ, ಅದರ ಪಾಪ ಅದಕ್ಕೆ ಅಂದರು ಅಯ್ಯನವರು. ಮಾತು ಮಾತ್ರ ನನ್ನ ಮರ್ಯಾದೆಯಂತೆ ಇರಬೇಕು ಅಂತ ಕೊನೆಗೆ ರಾಜಿಯಾದರು. ಹಾಗಾಗಿ ನಮ್ಮ ಕಂತಿನಲ್ಲಿ ಬಾಣಸಿಗ ಕಣ್ಣು ಕೆಂಪು ಮಾಡಿ, ಹಲ್ಲು ಕಡಿದು, ಸೌಟು ಗಿರಗಿರ ತಿರುಗಿಸಿ ಅನ್ನದ ತಲೆಗೆ ಬಡಿಯುತ್ತಾ ಹೇಳುತ್ತಾನೆ: "ತಪ್ಪಾತ್ರೀ... ಒಂಚೂರು ಪಕ್ಕಕ್ಕ ಸರೀರಿ... ಪೆಟ್ಟು ಭಾಳ ಬಿತ್ತೇನ್ರಿ?"

ಮೈಕಿನ ಮುಂದೆ ಅಯ್ಯನವರು ಪ್ರತಿ ಏಟಿಗೂ ಪರದೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನನ್ನ ಕಂಪ್ಯೂಟರಿಗೆ ಆಯುಧ ಪೂಜೆಯ ದಿನವೂ ಅಷ್ಟು ನಮಸ್ಕಾರ ಬಿದ್ದದ್ದಿಲ್ಲ.

ಈರುಳ್ಳಿಯ ಮನೆಯವರಿಗೆ ಸಮಾಧಾನ

ಈರುಳ್ಳಿ ಅಳುವುದಕ್ಕೆ ಮೋಕ ಊರಿನಿಂದ ನಮ್ಮ ಅಕ್ಕ ಬಂದಳು. ಅವಳು ಅಳುವುದಕ್ಕೆ ಕಾರಣ ಬೇಕಿಲ್ಲ, ಸುರು ಮಾಡಿದ ಮೇಲೆ ಕಾರಣ ತಾನೇ ಸಿಗುತ್ತದೆ. ಚಾಕು ಕಂಡದ್ದೇ "ಅಯ್ಯಯ್ಯೋ, ನನ್ನ ಸಿಪ್ಪಿ ಬಿಡಿಸಿದ್ರಲ್ಲೋ, ನಾ ಏನು ತಪ್ಪು ಮಾಡಿದ್ನೋ" ಅಂತ ರಾಗ ತೆಗೆದಳು.

ಅರ್ಧಕ್ಕೆ ಬಾಗಿಲು ತಳ್ಳಿಕೊಂಡು ಪಕ್ಕದ ಮನೆಯ ಅಜ್ಜಿ ಬಂದರು. ಅವರ ಹಿಂದೆ ಎದುರು ಮನೆಯವರು. ಯಾರೂ ಏನೂ ಕೇಳಲಿಲ್ಲ, ಬಂದವರೇ ಅಕ್ಕನ ಸುತ್ತ ಕೂತರು. "ಸಮಾಧಾನ ಮಾಡ್ಕೊಳವ್ವಾ. ಹೋದವ್ರು ಪುಣ್ಯವಂತ್ರು" ಅಂದರು ಅಜ್ಜಿ.

"ಯಾರೂ ಹೋಗಿಲ್ಲ ಅಜ್ಜಿ. ಉಳ್ಳಾಗಡ್ಡಿ ಹೆಚ್ಚಾಕತ್ತೀವಿ, ಅಷ್ಟ" ಅಂದೆ.

ಅಜ್ಜಿ ಪರದೆ ನೋಡಿದರು, ಅಕ್ಕನನ್ನು ನೋಡಿದರು. ಆಮೇಲೆ ಕಾಲು ಚಾಚಿ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಇರ್ಲಿ ಬಿಡು. ಅಳಾಕಂತ ಬಂದು ಹಂಗ ಹೋಗಬಾರ್ದು. ಎಲ್ಲಿಗೆ ಬಂದಿತ್ತು, ಮತ್ತ ಹಚ್ಚು."

ತಾವು ಯಾರು?

ಉಳಿದದ್ದು ರಾಕ್ಷಸ ಮೆಣಸಿನಕಾಯಿ, ಕಂತಿನ ದೊಡ್ಡ ಖಳ. ಅದಕ್ಕೆ ಸಿರುಗುಪ್ಪದ ತಾತನೊಬ್ಬರನ್ನು ಹಿಡಿದೆ. ದೊಡ್ಡಾಟದಲ್ಲಿ, ಅಂದರೆ ನಮ್ಮ ಕಡೆಯ ಬಯಲಾಟದಲ್ಲಿ, ರಾಕ್ಷಸ ಪಾತ್ರ ಕಟ್ಟಿ ಕಟ್ಟಿ ಅವರು ಮನೆಯಲ್ಲಿ ನೀರು ಕೇಳಿದರೂ ರಣಕಹಳೆ ಊದಿದಂತೆ ಇರುತ್ತದೆ.

ಮೆಣಸಿನಕಾಯಿ ಬಾಗಿಲು ಒದ್ದು ಒಳಗೆ ಬರುತ್ತದೆ, "ನಾನು ಮೆಣಸಿನಕಾಯಿ ರಾಜ!" ಅನ್ನುತ್ತದೆ, ಬೆಂಕಿ ಉಗುಳುತ್ತದೆ, ಬಾಣಸಿಗ ಅದನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಾನೆ. ಕಣ್ಣು ಮಿಟುಕಿಸುವುದರಲ್ಲಿ ಮುಗಿಯುವ ಕೆಲಸ. ನಾನು ಕೈ ಸನ್ನೆ ಮಾಡಿದೆ. ತಾತ ಕೋಣೆಯ ಸುತ್ತ ಕಣ್ಣಾಡಿಸಿದರು.

"ಸಾರಥಿ ಎಲ್ಲವ್ವಾ?"

ದೊಡ್ಡಾಟದಲ್ಲಿ ಯಾವ ಪಾತ್ರ ಬಂದರೂ ಮೊದಲು ಸಾರಥಿ ಕೈ ಮುಗಿದು ತಾವು ಯಾರು ಅಂತ ಕೇಳಬೇಕು. ಆಮೇಲೆ ಪಾತ್ರ ತನ್ನ ಪ್ರತಾಪ ಹೇಳಿಕೊಳ್ಳಬೇಕು. ಇಲ್ಲಿ ಸಾರಥಿ ಇಲ್ಲ ತಾತ ಅಂದರೆ ಅವರು ಒಪ್ಪಲಿಲ್ಲ. "ಯಾರೂ ಕೇಳ್ದಂಗ ತಾನ ಹೆಸರು ಹೇಳ್ಕೊಳ್ಳೋದು ರಾಕ್ಷಸನ ಮರ್ಯಾದಿ ಅಲ್ಲ."

ಆಗಲಿ ಅಂತ ನಾನೇ ಕೈ ಮುಗಿದೆ. "ಅಹೋ ದೊರೆಯೇ, ಈ ಸಭೆಗೆ ಬಂದಂಥ ತಾವು ಯಾರು? ತಮ್ಮ ನಾಮಾಂಕಿತವೇನು?"

"ಎಲೈ ಸಾರಥಿ!" ಅಂತ ತಾತ ಗರ್ಜಿಸಿದ ಏಟಿಗೆ ಗೋಡೆಯ ಗಾದಿಯಿಂದ ಧೂಳು ಉದುರಿತು. ಹೊಲದ ವರ್ಣನೆ ಬಂತು, ಕಾಲುವೆಯ ನೀರು ಬಂತು, ಕೆಂಪು ಮೈಯ ತೇಜಸ್ಸು ಬಂತು. ತಂದೆಯ ಹೆಸರಿಗೆ ಬರುವಷ್ಟರಲ್ಲಿ ತಾತನ ಕಣ್ಣು ಪರದೆಯ ಮೇಲೆ ಬಿತ್ತು. ಅಲ್ಲಿ ತಟ್ಟೆಯಲ್ಲಿ ಏನೋ ಹೊಂಬಣ್ಣದ್ದು ಹೊಗೆಯಾಡುತ್ತಿತ್ತು.

"ಇದೇನವ್ವಾ, ನಾನಾ?"

"ಹೌದು ತಾತ. ನೀವು ಮಿರ್ಚಿ ಭಜಿ ಆಗೀರಿ."

"ಅಪ್ಪನ ಹೆಸರು ಹೇಳೋದ್ರಾಗ ಕರಿದಬಿಟ್ರಾ!"

ಕುರುಗೋಡಿನ ಶಾಲೆ

ಇದ್ದಷ್ಟು ಜಾಗಕ್ಕೆ "ನಾನು ಮೆಣಸಿನಕಾಯಿ ರಾಜ" ಅನ್ನುವುದೊಂದನ್ನೇ ಉಳಿಸಿ ಕಂತು ಮುಗಿಸಿದೆ. ಬೆಂಗಳೂರಿನ ಮೇಡಂ ಬಂದರು. ಅಯ್ಯನವರಿಗೆ ಪರಿಚಯವಿದ್ದ ಕುರುಗೋಡಿನ ಒಂದು ಶಾಲೆಯಲ್ಲಿ ಮಕ್ಕಳನ್ನು ಕೂರಿಸಿ ಗೋಡೆಗೆ ಕಾರ್ಟೂನು ಬಿಟ್ಟೆವು. ಕರೆಯದಿದ್ದರೂ ತಾತ ರುಮಾಲು ಸುತ್ತಿಕೊಂಡು ಸಿರುಗುಪ್ಪದಿಂದ ಬಂದು ಹಿಂದೆ ನಿಂತಿದ್ದರು.

ಮಕ್ಕಳು ಬದನೆಕಾಯಿಗೆ ನಕ್ಕರು. "ಪೆಟ್ಟು ಭಾಳ ಬಿತ್ತೇನ್ರಿ" ಅಂದದ್ದಕ್ಕೆ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಾನು ಮೇಡಂ ಮುಖ ನೋಡಿದೆ, ಅವರೂ ತುಟಿ ಅರಳಿಸಿದ್ದರು. ಆಗ ಮೆಣಸಿನಕಾಯಿ ಬಾಗಿಲು ಒದ್ದು ಬಂದು "ನಾನು ಮೆಣಸಿನಕಾಯಿ ರಾಜ!" ಅಂದಿತು.

ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ನಿನ್ನ ಯಾರು ಕೇಳಿದ್ರು?"

"ನೋಡವ್ವಾ! ನಾ ಹೇಳಿದ್ನಿಲ್ಲ?" ಅಂತ ಹಿಂದಿನಿಂದ ತಾತ ಗುಡುಗಿದರು. ಮಕ್ಕಳೆಲ್ಲ ಹಿಂದಕ್ಕೆ ತಿರುಗಿದರು. ಊರ ದೊಡ್ಡಾಟ ನೋಡಿ ಬೆಳೆದ ಆ ಹುಡುಗಿ, ಮೆಣಸಿನಕಾಯಿಯ ದನಿ ಗುರುತು ಹಿಡಿದು ಸೀದಾ ತಾತನ ಮುಂದೆ ಹೋಗಿ ಕೈ ಮುಗಿದು, ತಾವು ಯಾರು, ನಾಮಾಂಕಿತವೇನು ಅಂತ ಲಯ ತಪ್ಪದೆ ಕೇಳಿದಳು. ತಾತನಿಗೆ ಇನ್ನೇನು ಬೇಕು? ಈ ಸಲ ತಂದೆಯ ಹೆಸರನ್ನಷ್ಟೇ ಅಲ್ಲ, ತಾತ ಮುತ್ತಾತರನ್ನೂ ಮುಗಿಸಿದರು. ಶಾಲೆಯ ಹಂಚು ಹಾರಿಹೋಗುವಂತೆ ಚಪ್ಪಾಳೆ. ಗೋಡೆಯ ಮೇಲೆ ಕಾರ್ಟೂನು ಯಾರೂ ನೋಡುವವರಿಲ್ಲದೆ ತನ್ನಷ್ಟಕ್ಕೆ ಮುಗಿಯಿತು.

ಮೇಡಂ ಎದ್ದರು. "ಮಕ್ಕಳು ನಕ್ಕಿದ್ದು ನಿಜ. ಆದರೆ ಕಾರ್ಟೂನನ್ನೇ ನೋಡಲಿಲ್ಲವಲ್ಲ. ಬೆಂಗಳೂರಿಗೆ ಹೋಗಿ ತಿಳಿಸ್ತೀವಿ."

ಹೆಣ್ಣು ನೋಡಲು ಬಂದವರು ಊರಿಗೆ ಹೋಗಿ ತಿಳಿಸುತ್ತೇವೆ ಅಂದರೆ ಏನರ್ಥ ಅಂತ ನನಗೆ ಗೊತ್ತು. ಮತ್ತೆ ಸೀರೆ ಮೇಳ, ಮತ್ತೆ ಮುಚ್ಚುವ ಕಿಟಕಿಗಳು.

ಊಟದ ಗಂಟೆ ಹೊಡೆಯಿತು. ಉಂಡು ಹೋಗ್ರಿ ಅಂತ ಹೆಡ್‌ಮಾಸ್ಟರು ಒತ್ತಾಯ ಮಾಡಿ ನಮ್ಮನ್ನೂ ಮಕ್ಕಳ ಸಾಲಿನಲ್ಲೇ ಕೂರಿಸಿದರು. ಮೇಡಂ ಪಕ್ಕದಲ್ಲಿ ಅದೇ ಹುಡುಗಿ. ಶಾಲೆಯ ಅಡುಗೆಯಮ್ಮ ಕಾರ್ಟೂನು ನೋಡಿರಲಿಲ್ಲ, ಅಷ್ಟೂ ಹೊತ್ತು ಒಲೆಯ ಮುಂದೆಯೇ ಇದ್ದಳು. ಬಕೆಟ್ಟು ಹಿಡಿದು ಬಂದು ಹುಡುಗಿಯ ತಟ್ಟೆಗೆ ಸಾರು ಸುರಿದಳು.

ಹುಡುಗಿ ತಟ್ಟೆಯ ಮುಂದೆ ಬಗ್ಗಿ ಕೈ ಮುಗಿದು ಸಾರನ್ನು ಕೇಳಿದಳು: "ಅಹೋ ದೊರೆಯೇ, ಈ ತಟ್ಟೆಗೆ ಬಂದಂಥ ತಾವು ಯಾರು?"

ಅಡುಗೆಯಮ್ಮ ಸೊಂಟಕ್ಕೆ ಕೈ ಇಟ್ಟಳು. "ದಿನಾ ಬರೋ ಸಾರು ಅದೀನಿ! ನಿನ್ನಿನೂ ಬಂದಿದ್ನಿ. ಇನ್ನೂ ಗುರ್ತು ಹತ್ತಲಿಲ್ಲೇನ ನಿಂಗ?"

ಮೇಡಂ ಬಾಯಲ್ಲಿದ್ದ ತುತ್ತು ನೆತ್ತಿಗೇರಿತು. ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. ಅಯ್ಯನವರು ಬೆನ್ನು ತಟ್ಟಿದರು, ತಾತ ನೀರು ಕೊಟ್ಟರು. ಉಸಿರು ಬಂದ ಮೇಲೆ ಕಣ್ಣೊರೆಸಿಕೊಳ್ಳುತ್ತಾ ನನ್ನ ಕೈ ಹಿಡಿದರು.

"ಇದೇ ಬೇಕು. ಪ್ರತಿ ಪದಾರ್ಥವನ್ನೂ ಯುದ್ಧಕ್ಕೆ ಮೊದಲು ಯಾರು ಅಂತ ಕೇಳಬೇಕು. ಚಿತ್ರ ಬಿಡಿಸೋರಿಗೆ ಹೇಳಿ ಜಾಗ ಮಾಡಿಸ್ತೀನಿ. ಕೇಳೋ ಸಾರಥಿ ನೀವೇ. ಇಡೀ ಸರಣಿ ನಿಮ್ಮದು."

ನನಗೆ ಕಣ್ಣಲ್ಲಿ ನೀರು ಬಂತು. ಏನಾದರೂ ಹೇಳಲೇಬೇಕಿತ್ತು. ಎದ್ದು ನಿಂತು ಕೈ ಮುಗಿದೆ, ಮನಸ್ಸು ತುಂಬಿ ಬಾಯಿ ತೆರೆದೆ.

"ಭಾಳ ಸಂತೋಷ ಆತ್ರಿ ಮೇಡಂ. ತಪ್ಪದೇ ಭೇಟಿ ಕೊಡಿ! ಈ ಅವಕಾಶ ಮೂರು ದಿನ ಮಾತ್ರ!"