ಎಲ್ಲಿ ಅಂತ ಹೇಳದ ಭಾವ

ಗುಟ್ಟು ಇದ್ದವರು ಗುಟ್ಟು ಮಾಡುವುದರಲ್ಲಿ ಏನು ಹೆಚ್ಚುಗಾರಿಕೆ? ಗುಟ್ಟೇ ಇಲ್ಲದೆ ಗುಟ್ಟು ಮಾಡುವ ಮಹಾನುಭಾವರನ್ನು ನೋಡಬೇಕಾದರೆ ಬಸವನಗುಡಿಗೆ ಬನ್ನಿ, ನಮ್ಮ ಭಾವನನ್ನು, ಅಂದರೆ ಅಕ್ಕನ ಗಂಡನನ್ನು, ತೋರಿಸುತ್ತೇನೆ. ಬಸವನಗುಡಿಯಲ್ಲಿ ಎಲ್ಲಿ ಎಂದು ಮಾತ್ರ ಕೇಳಬೇಡಿ. ಹೇಳಿದೆನೆಂದು ಗೊತ್ತಾದರೆ ಅವರು ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ!

ಈ ರೋಗ ಅಂಟಿದ್ದು ಕಂಪ್ಯೂಟರಿನಿಂದ. ಎರಡು ಸಾವಿರದ ಇಸವಿ ದಾಟಿದ ಹೊಸತು. ಚಾಮರಾಜಪೇಟೆಯ ಒಂದು ಊದುಬತ್ತಿ ಅಂಗಡಿಯ ಮಹಡಿ ಮೇಲಿದ್ದ ಸಣ್ಣ ಕಂಪನಿಯಲ್ಲಿ ಭಾವನಿಗೆ ಕೆಲಸ. ಏನು ಕೆಲಸ ಎಂದು ಒಮ್ಮೆ ಬಾಯಿತಪ್ಪಿ ಕೇಳಿಬಿಟ್ಟೆ. ಕಾಫಿ ಆರಿ ತಣ್ಣಗಾಗುವವರೆಗೂ ಹೇಳಿದರು. ಕಂಪ್ಯೂಟರಿನ ತೀರ ಒಳಗೆ ಕರ್ನಲ್ ಎಂಬ ಪ್ರೋಗ್ರಾಂ ಇರುತ್ತದಂತೆ. ಮಿಕ್ಕ ಪ್ರೋಗ್ರಾಂಗಳಿಗೆಲ್ಲ ಅದೇ ಯಜಮಾನ. ಆದರೆ ಯಜಮಾನನಿಗೆ ಬಾಯಿ ಜಾಸ್ತಿ. ಏನಾದರೂ ಎಡವಟ್ಟಾದರೆ ಸಾಕು, ಇಂಥದ್ದು ಕೆಟ್ಟಿತು, ಅದನ್ನು ಮೆಮೊರಿಯಲ್ಲಿ ಇಂಥ ಜಾಗದಲ್ಲಿ ಇಟ್ಟಿದ್ದೆ ಎಂದು ಪರದೆಯ ಮೇಲೆ ಊರಿಗೆಲ್ಲ ಸಾರಿಬಿಡುತ್ತದೆ. ಕಳ್ಳರಿಗೆ ಇನ್ನೇನು ಬೇಕು? ನೇರ ಅಲ್ಲಿಗೇ ಕೈ ಹಾಕುತ್ತಾರೆ.

"ಅದಕ್ಕೇ ಜಾಗದ ನಂಬರ್ ಬರೋ ಕಡೆಯೆಲ್ಲ ನಾನು ಸೊನ್ನೆ ಬರೋ ಹಾಗೆ ಮಾಡ್ತೀನಿ ಕಣಮ್ಮ," ಎಂದರು ಭಾವ. "ಏನಾಯ್ತು ಅಂತ ಹೇಳ್ಬೇಕು. ಎಲ್ಲಿ ಅಂತ ಹೇಳ್ಬಾರ್ದು. ಸೆಕ್ಯೂರಿಟಿ ಅಂದ್ರೆ ಅಷ್ಟೇ."

ಎಂಜಿನಿಯರಿಂಗ್ ಓದಿ, ಫಸ್ಟ್ ಕ್ಲಾಸ್ ಬಂದು, ಕೊನೆಗೆ ಸೊನ್ನೆ ಸುತ್ತುವುದಕ್ಕೆ ಸಂಬಳ! ನಾನು ಟೀಚರಾಗಿರುವ ಹನುಮಂತನಗರದ ಶಾಲೆಯಲ್ಲಿ ಮಕ್ಕಳು ಈ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತಾರೆ.

ಒಂದು ದಿನ ಕಂಪನಿಯ ಯಂತ್ರ ಕೆಟ್ಟು ನಿಂತಿತಂತೆ. ಪರದೆಯ ತುಂಬ ಬರೀ ಸೊನ್ನೆ. ತಪ್ಪು ಎಲ್ಲಾಗಿದೆ ಎಂದು ಸಾಹೇಬರು ಕೇಳಿದರು.

"ಕಾಣ್ತಿಲ್ಲ ಸಾರ್," ಎಂದರು ಭಾವ.

"ಯಾಕ್ರೀ ಕಾಣ್ತಿಲ್ಲ?"

"ಅಷ್ಟು ಭದ್ರವಾಗಿದೆ ಸಾರ್!"

ಹಕ್ಕಿದ್ದವರಿಗಾದರೂ ಜಾಗ ಕಾಣುವ ಏರ್ಪಾಡನ್ನು ಆಮೇಲೆ, ಬೈಸಿಕೊಂಡು, ಮಾಡಿದರು.

ಈ ವಿದ್ಯೆಯನ್ನು ಆಫೀಸಿನಲ್ಲೇ ಬಿಟ್ಟು ಬಂದಿದ್ದರೆ ನಮಗೇನು ನಷ್ಟ? ಮನೆಗೂ ತಂದರು. ಅವರೆಕಾಯಿ ಕಾಲದಲ್ಲಿ ಒಮ್ಮೆ ಚೀಲದ ತುಂಬ ಒಳ್ಳೆ ಸೊಗಡಿನ ಕಾಯಿ ಹೊತ್ತು ಬಂದರು. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ, "ಎಷ್ಟು ಚೆನ್ನಾಗಿದೆ! ಎಲ್ಲಿ ತಂದ್ರಿ?" ಎಂದರು.

"ಮಾರ್ಕೆಟ್ನಲ್ಲಿ."

"ಯಾವ ಮಾರ್ಕೆಟ್ಟು?"

"ತರಕಾರಿ ಮಾರ್ಕೆಟ್ಟು."

ಆ ಸಂಕ್ರಾಂತಿಗೆ ಆಕೆ ಎಳ್ಳು ಬೀರುತ್ತ ಬೀದಿಯೆಲ್ಲ ಸುತ್ತಿದರು, ಅಕ್ಕನ ಮನೆಯೊಂದನ್ನು ಬಿಟ್ಟು.

ಆಟೋದವರ ಹತ್ತಿರವೂ ಇದೇ ವರಸೆ. "ಎಲ್ಲಿಗೆ ಸಾರ್?" ಎಂದರೆ, "ಮುಂದೆ ನಡೀರಿ, ಹೇಳ್ತೀನಿ." ಒಬ್ಬ ಆಟೋದವನು ಭಾವನನ್ನು ಮೇಲಿಂದ ಕೆಳಗೆ ನೋಡಿ, "ಎಲ್ಲಿಗೆ ಅಂತ ಹೇಳಿದ್ರೇನೇ ನಾವು ಬರಲ್ಲ ಗುರೂ, ಹೇಳ್ದೆ ಇದ್ರೆ ಬಂದ್ಬಿಡ್ತೀವಾ?" ಎಂದು ಹೊರಟೇ ಹೋದ. ಭಾವ ನಡೆದುಕೊಂಡು ಹೋದರು. ಎಲ್ಲಿಗೆಂದು ನಮಗೆ ಇಂದಿಗೂ ಗೊತ್ತಿಲ್ಲ.

ಇದೆಲ್ಲ ಹೊರಗಿನವರ ಪಾಡು. ನನ್ನ ಅಕ್ಕನ ಪಾಡು ಕೇಳಿ. ಬೀರುವಿನ ಬೀಗದ ಕೈ, ಮನೆಪತ್ರ, ಬೆಳ್ಳಿ ಸಾಮಾನು ಎಲ್ಲಿವೆಯೆಂದು ಹೆಂಡತಿಗೂ ಹೇಳುತ್ತಿರಲಿಲ್ಲ ಈ ಪುಣ್ಯಾತ್ಮ. ಒಂದೇ ಕಡೆ ಇಟ್ಟರೂ ಅಪಾಯವೆಂದು ಆಗಾಗ ಜಾಗ ಬೇರೆ ಬದಲಾಯಿಸುತ್ತಿದ್ದರು. ಕೊನೆಗೆ ಒಂದು ವರಮಹಾಲಕ್ಷ್ಮಿ ಹಬ್ಬದ ಬೆಳಗ್ಗೆ, ಕಳಶ ಇಡಲು ಬೆಳ್ಳಿ ಚೊಂಬು ಬೇಕೆಂದರೆ, ಅದನ್ನು ಎಲ್ಲಿಟ್ಟಿದ್ದೆನೆಂದು ಸ್ವತಃ ಭಾವನಿಗೇ ಮರೆತುಹೋಗಿತ್ತು! ಅಟ್ಟ, ಅಕ್ಕಿ ಡಬ್ಬ, ಹಾಸಿಗೆಯಡಿ ಎಲ್ಲ ಜಾಲಾಡಿದ್ದಾಯಿತು. ಆ ವರ್ಷ ಲಕ್ಷ್ಮಿ ಸ್ಟೀಲ್ ಚೊಂಬಿನಲ್ಲೇ ಕೂತಳು. ಸಂಜೆ ಅರಿಶಿನ ಕುಂಕುಮಕ್ಕೆ ಬಂದವರು, "ಯಾಕೆ, ಬೆಳ್ಳಿ ಚೊಂಬು ಇಲ್ವಾ?" ಎಂದರು. ಅಕ್ಕ ತಲೆ ತಗ್ಗಿಸಿದಳು. ಒಳಕೋಣೆಯಿಂದ ಭಾವನ ದನಿ ಕೇಳಿತು: "ಇದೆ, ಇದೆ!"

ಬಂದವರೆಲ್ಲ ಹೋದ ಮೇಲೆ ಅಕ್ಕ ಸಿಡಿದಳು.

"ನಾಳೆ ನಿಮಗೇನಾದ್ರೂ ಆದ್ರೆ ನಾನು ಎಲ್ಲೀಂತ ಹುಡುಕ್ಲಿ?"

"ಬಿಡ್ತು ಅನ್ನು," ಎಂದೆ ನಾನು.

ಭಾವ ಪಾಠ ಶುರು ಮಾಡಿದರು: "ಎಲ್ರಿಂದಲೂ ಮುಚ್ಚಿಡೋದು ಅಂತಲ್ಲ ಕಣೇ. ಹಕ್ಕಿರೋರು ಕೇಳಿದ್ರೆ ಕಂಪ್ಯೂಟರ್ರೂ ತೋರಿಸತ್ತೆ. ಹಕ್ಕಿಲ್ದೋರಿಗೆ ಮಾತ್ರ ಸೊನ್ನೆ."

"ಹಾಗಾದ್ರೆ ನನಗೆ ಹಕ್ಕಿಲ್ವಾ?"

ಒಂದು ಮಾತು ಸಾಕಿತ್ತು. ಭಾವ ಪೇಪರಿನ ಹಾಳೆ ಮಗುಚಿದರು. ಅಕ್ಕ ಅಡುಗೆಮನೆಯಲ್ಲಿ ಕೋಸಂಬರಿ ಪಾತ್ರೆ ಮುಂದಿಟ್ಟುಕೊಂಡು ಅತ್ತಳು. ಚೊಂಬು ಹೋದರೆ ಹೋಗಲಿ, ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಈ ಮನುಷ್ಯನಿಗೆ ತಾನು ಯಾರು ಎಂಬುದು ಅವಳಿಗೆ ತಿಳಿಯಬೇಕಿತ್ತು. ನನಗಂತೂ ಆ ಸ್ಟೀಲ್ ಚೊಂಬನ್ನೇ ಭಾವನ ತಲೆಯ ಮೇಲೆ ಬೋರಲು ಹಾಕುವಷ್ಟು ಸಿಟ್ಟು. ಹಬ್ಬದ ದಿನ ಕಳಶ ಕದಲಿಸಬಾರದೆಂದು ಸುಮ್ಮನಾದೆ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಬೆಳಗ್ಗೆ ನಾನು ಹೋದಾಗ ಭಾವ ದಿವಾನದ ಮೇಲೆ ಮುದುರಿಕೊಂಡು ಕೂತಿದ್ದರು. ಮುಖದ ತುಂಬ ಬೆವರು. ಅಕ್ಕ, ನಾನು ಇಬ್ಬರೂ ಹಿಡಿದುಕೊಂಡು ಬೀದಿ ಕೊನೆಯ ಡಾಕ್ಟರ ಹತ್ತಿರ ಕರೆದೊಯ್ದೆವು.

"ಎಲ್ಲಿ ನೋವು?" ಎಂದರು ಡಾಕ್ಟರು.

"ಒಳಗೆ."

"ಒಳಗೆ ಅಂದ್ರೆ ಎಲ್ಲಿ ಸಾರ್?"

"ದೇಹದಲ್ಲಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುಟ್ಟಿ ನೋಡಲು ಹೋದರೆ ಎರಡೂ ಕೈ ಅಡ್ಡ ಇಟ್ಟುಕೊಂಡು ಹಲ್ಲು ಕಚ್ಚಿದರು. "ಹೇಳ್ದೆ ಇದ್ರೆ ನಾನೇನು ಕವಡೆ ಹಾಕಿ ನೋಡ್ಲಾ?" ಎಂದು ಡಾಕ್ಟರು ರೇಗಿದರು. ಇಂಥ ಹೊತ್ತಿನಲ್ಲೂ ಸೆಕ್ಯೂರಿಟಿಯೇ, ಎಂದು ನನಗೂ ನಾಲಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಅಕ್ಕ ಮುಂದೆ ಬಂದಳು. ಬಗ್ಗಿ, ಮೆಲ್ಲಗೆ, "ಎಲ್ರೀ?" ಎಂದಳು.

ಭಾವ ಡಾಕ್ಟರನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಅಕ್ಕನ ಕೈ ಹಿಡಿದು ತಮ್ಮ ಹೊಟ್ಟೆಯ ಬಲಗಡೆ, ಕೆಳಗೆ, ಒತ್ತಿ ಇಟ್ಟುಕೊಂಡರು.

"ಇಲ್ಲಿ ಕಣೇ. ನಿನ್ನೆಯಿಂದ. ತುಂಬ ಭಯ ಆಗ್ತಿದೆ, ನೀನು ಇಲ್ಲೇ ಇರು."

ಅಷ್ಟು ಮೆತ್ತಗಿನ ದನಿ ಆ ಮನುಷ್ಯನಲ್ಲಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅಪೆಂಡಿಕ್ಸ್ ಇರಬೇಕು, ಕೂಡಲೇ ದೊಡ್ಡಾಸ್ಪತ್ರೆಗೆ ಹೊರಡಬೇಕಾದೀತು ಎಂದು ಡಾಕ್ಟರು ಹತ್ತಿರ ಬಂದರು.

"ಕೈ ತೆಗೀರಮ್ಮ, ನಾನು ನೋಡ್ಬೇಕು."

ತೆಗೆಯೋಣವೆಂದರೆ ಭಾವ ಬಿಡಬೇಕಲ್ಲ! ಅಕ್ಕ ಕಣ್ಣೀರು ಒರೆಸಿಕೊಳ್ಳಲೂ ಇನ್ನೊಂದು ಕೈ ಎತ್ತದೆ, "ಒಂದ್ನಿಮಿಷ ಇರಿ ಡಾಕ್ಟ್ರೇ," ಎಂದಳು.