ಅಳಿಯಂದ್ರ ಸ್ಕ್ಯಾನು

ತಲೆಗೆ ಪೆಟ್ಟು ಬಿದ್ದವರು ನಮ್ಮ ಆಸ್ಪತ್ರೆಗೆ ಬರುವುದು ನಿಲ್ಲುವುದಿಲ್ಲ; ಅವರ ಜೊತೆಗೆ ಬಂದವರು ನನ್ನ ತಲೆ ತಿನ್ನುವುದೂ ನಿಲ್ಲುವುದಿಲ್ಲ. ಘಾಟಿಯ ತಿರುವು, ಕಾಳುಮೆಣಸು ಕೊಯ್ಯುವ ಏಣಿ ಇರುವವರೆಗೆ ಸಕಲೇಶಪುರದ ಕಡೆಯ ಡಾಕ್ಟರಿಗೆ ಇದು ತಪ್ಪಿದ್ದಲ್ಲ. ನಮ್ಮಲ್ಲಿರುವುದು ಎಕ್ಸ್‌ರೇ ಮಾತ್ರ. ಸಿ.ಟಿ. ಸ್ಕ್ಯಾನ್ ಬೇಕೆಂದರೆ ಹಾಸನಕ್ಕೆ ಓಡಬೇಕು. ಯಾರನ್ನು ಓಡಿಸುವುದು, ಯಾರನ್ನು ಇಲ್ಲೇ ಕೂರಿಸಿಕೊಂಡು ನೋಡುವುದು, ದಿನವೂ ಇದೇ ನನ್ನ ಪಾಡು.

ಕಾಫಿಪುಡಿ

ಒಬ್ಬ ಎಸ್ಟೇಟ್ ಮಾಲೀಕರು ಸ್ಟೋರಿನ ಬಾಗಿಲಿಗೆ ಹಣೆ ಹೊಡೆಸಿಕೊಂಡು ಬಂದರು. ಗಾಯದ ತುಂಬ ಕಾಫಿಪುಡಿ ಮೆತ್ತಿತ್ತು. ನಮ್ಮ ಕಡೆ ರಕ್ತ ನಿಲ್ಲಿಸುವ ಮೊದಲ ಔಷಧಿ ಅದೇ. ಪ್ರಜ್ಞೆ ತಪ್ಪಿಲ್ಲ, ವಾಂತಿ ಇಲ್ಲ, ಮಾತಂತೂ ಎಂದಿಗಿಂತ ಜಾಸ್ತಿಯೇ ಇತ್ತು. "ಸ್ಕ್ಯಾನ್ ಬೇಡ, ಹೊಲಿಗೆ ಸಾಕು" ಎಂದೆ.

"ಹೋದ ವಾರ ನಮ್ ತೋಟದ್ ಲೆಕ್ಕ ಬರ್ಯೋ ರೈಟರನ್ನ ಹಾಸನಕ್ ಕಳ್ಸಿದ್ರಿ. ನಂಗೆ ಬರೀ ಹೊಲಿಗೇನಾ?" ಎಂದು ಮುಖ ಊದಿಸಿದರು.

ಪುಡಿ ತೊಳೆಯುವಷ್ಟರಲ್ಲಿ ನನ್ನ ತಾಳ್ಮೆಯೂ ತೊಳೆದುಹೋಯಿತು. "ಕಂಡಿದ್ದನ್ನೆಲ್ಲ ಗಾಯಕ್ಕೆ ಹಾಕಬಾರದು" ಎಂದು ಗದರಿದೆ. ಅವರು ಸಿಟ್ಟಿನಿಂದ ಎದ್ದು ಕೂತರು.

"ಚಿಕೋರಿ ಒಂದ್ ಚೂರಿಲ್ಲ ಕಣ್ರೀ ಡಾಕ್ಟ್ರೇ, ನಮ್ ತೋಟದ್ದೇ!"

ಬುರುಡೆ

ಆಲೂರು ಕಡೆಯ ಒಬ್ಬ ರೈತ ಟ್ರ್ಯಾಕ್ಟರಿನಿಂದ ಬಿದ್ದು ಎರಡು ಸಲ ವಾಂತಿ ಮಾಡಿಕೊಂಡಿದ್ದ. ಹಾಸನಕ್ಕೆ ಬರೆದುಕೊಟ್ಟೆ. "ಇಲ್ಲೇ ಒಂದ್ ಎಕ್ಸ್‌ರೇ ಹೊಡ್ದುಬುಡಿ ಸಾರ್" ಎಂದು ಅವನಣ್ಣ ಹಟ ಹಿಡಿದ.

"ಎಕ್ಸ್‌ರೇಯಲ್ಲಿ ಬುರುಡೆಯ ಮೂಳೆ ಕಾಣುತ್ತೆ, ಒಳಗೆ ರಕ್ತ ಸೋರಿದ್ದರೆ ಕಾಣಲ್ಲ. ಬುರುಡೆ ಗಟ್ಟಿ ಇದ್ದವರೂ ಸಾಯ್ತಾರೆ" ಎಂದೆ.

ಮೂಲೆಯಲ್ಲಿ ಅಳುತ್ತಿದ್ದ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮುಂದೆ ಬಂದಳು. "ಬುರುಡೆ ಗಟ್ಟಿ ಇರೋದು ನಂಗೊತ್ತು ಸಾರ್, ಹದ್ನೆಂಟು ವರ್ಷದಿಂದ ನೋಡ್ತಾ ಇವ್ನಿ. ಒಳಗೇನೈತೆ ಅಂತ ನೋಡ್ಸಿ."

ಮಾವ, ಅಳಿಯ

ಇದನ್ನು ನೆನೆದರೆ ನಗು ಅರ್ಧಕ್ಕೇ ನಿಲ್ಲುತ್ತದೆ.

ಮಾರನಹಳ್ಳಿ ಹತ್ತಿರ ಬೈಕ್ ಜಾರಿ ಮಾವ, ಅಳಿಯ ಇಬ್ಬರೂ ಬಿದ್ದಿದ್ದರು. ಅಳಿಯನ ಹಣೆ ಒಡೆದು ಅಂಗಿಯೆಲ್ಲ ರಕ್ತ. ಮಾವನಿಗೆ ಒಂದು ಗೀರೂ ಇಲ್ಲ; ತಲೆ ಸ್ವಲ್ಪ ನೋಯುತ್ತಿದೆ ಎಂದು ಬೆಂಚಿನ ತುದಿಯಲ್ಲಿ ಕೂತಿದ್ದರು. ಅಳಿಯನನ್ನು ಪರೀಕ್ಷಿಸಿ ಆರು ಹೊಲಿಗೆ ಹಾಕಿದೆ. ಅವನಿಗೆ ಸ್ಕ್ಯಾನ್ ಬೇಕಿರಲಿಲ್ಲ. ಆಮೇಲೆ ಮಾವನ ಜೇಬಿನಲ್ಲಿದ್ದ ಹಳೆಯ ಔಷಧಿ ಚೀಟಿ ತೆಗೆಸಿ ಓದಿದೆ. ವಯಸ್ಸು ಎಪ್ಪತ್ತು, ಹೃದಯದ ಕವಾಟ ಬದಲಾಗಿದೆ, ದಿನವೂ ರಕ್ತ ತೆಳುವಾಗಿಡುವ ಮಾತ್ರೆ. ಇಂಥವರಿಗೆ ತಲೆಯೊಳಗೆ ಸೋರತೊಡಗಿದರೆ ಸುಲಭಕ್ಕೆ ನಿಲ್ಲುವುದಿಲ್ಲ. ಅವರ ಹೆಸರಿಗೆ ಸ್ಕ್ಯಾನ್ ಬರೆದು ಆಂಬ್ಯುಲೆನ್ಸ್ ಹತ್ತಿಸಿದೆ. ಅಳಿಯ ಜೊತೆಗೆ ಹೋದ.

ಎರಡು ಗಂಟೆಯ ಮೇಲೆ ನನ್ನ ಮೊಬೈಲಿಗೆ ಮಾವನ ಹೆಸರಿನ ವರದಿ ಬಂತು: ಮಿದುಳು ನಾರ್ಮಲ್, ಹಣೆಯಲ್ಲಿ ಹೊಲಿದ ಗಾಯ. ಸದ್ಯ, ಬದುಕಿದೆ ಅಂದುಕೊಂಡೆ. ಆಮೇಲೆ ಹೊಳೆಯಿತು, ಮಾವನಿಗೆ ಗಾಯವೇ ಇರಲಿಲ್ಲವಲ್ಲ!

ಫೋನಿಗೆ ಅಳಿಯ ಸಿಕ್ಕ. "ಹೆಸ್ರು ಕರ್ದಾಗ ಮಾವ, 'ಅಳಿಯಂದ್ರದ್ದು ಮೊದ್ಲಾಗ್ಲಿ' ಅಂತ ನನ್ನೇ ಮಲಗಿಸ್ಬುಟ್ರು ಸಾರ್."

ಊಟಕ್ಕೆ ಮೊದಲ ಎಲೆ ಅಳಿಯನದು. ಸ್ಕ್ಯಾನೂ ಹಾಗೇ ಆಯಿತು. ಪಟ್ಟಿ ಕಟ್ಟಿದ ತಲೆ ನೋಡಿ ಅಲ್ಲಿನವರಿಗೂ ಅನುಮಾನ ಬಂದಿರಲಿಲ್ಲ.

"ಮಾವ ಎಲ್ಲಿ?"

"ಇಲ್ಲೇ ಮಲ್ಗವ್ರೆ ಸಾರ್, ಸುಸ್ತು ಅಂದ್ರು."

"ಎಬ್ಬಿಸು!" ಎಂದು ಕಿರುಚಿದೆ. ಎಬ್ಬಿಸಿದರೆ ಅವರು ಏಳಲಿಲ್ಲ.

ಅವತ್ತೇ ತಲೆ ಕೊರೆದು ರಕ್ತ ತೆಗೆದರು. ಜೀವ ಉಳಿಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ತೊದಲತೊಡಗಿತು. ಜೊತೆಗೊಬ್ಬ ಸಿಸ್ಟರನ್ನು ನಾನು ಕಳಿಸಬೇಕಿತ್ತು. ಆ ತಪ್ಪು ನನ್ನದೇ.

ತಿಂಗಳ ಮೇಲೆ ಅಳಿಯ ಅವರನ್ನು ತಬ್ಬಿಕೊಂಡು ನಡೆಸಿಕೊಂಡು ಬಂದ. ಇನ್ನೊಂದು ಸ್ಕ್ಯಾನ್ ಆಗಬೇಕಿತ್ತು. ಚೀಟಿಯಲ್ಲಿ ಹೆಸರಿನ ಪಕ್ಕ ಕೆಂಪು ಪೆನ್ನಿನಿಂದ ದೊಡ್ಡದಾಗಿ 'ಮಾವ' ಎಂದು ಬರೆದು ಅವರ ಎಡಗೈಗೆ ಕೊಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಪಕ್ಕದಲ್ಲಿ ನಿಂತ ಅಳಿಯನ ಬರಿಗೈ ನೋಡಿದರು. ಆಮೇಲೆ ತೊದಲುತ್ತ ಕೇಳಿದರು:

"ಅಳಿಯಂದ್ರದ್ದು... ಎಲ್ಲಿ ಸಾರ್?"