ಭಾವನ ತವರುದಾರಿಗೊಂದು ಪಾನಾ

ನಮ್ಮ ಭಾವನಿಗೆ ತವರುಮನೆ ಇದೆ. ನಗಬೇಡಿ. ಗಂಡಸಿಗೆಂಥ ತವರು ಅಂತ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಹುಮನಾಬಾದಿನ ನಮ್ಮ ಮನೆಯೇ ಅದು. ನನ್ನ ಅಕ್ಕನನ್ನು ಬಸವಕಲ್ಯಾಣಕ್ಕೆ ಕೊಟ್ಟಿತ್ತು. ಆಕೆ ತೀರಿಕೊಂಡು ದಿನಕರ್ಮಗಳೆಲ್ಲ ಮುಗಿದ ಮೊದಲ ರವಿವಾರವೇ ಭಾವ ತಮ್ಮ ಕರೀ ಸೈಕಲ್ಲು ಹತ್ತಿ ನಮ್ಮ ಬಾಗಿಲಿಗೆ ಬಂದು ನಿಂತರು.

"ಏನ್ ಭಾವಾ, ಹೇಳದಾ ಕೇಳದಾ?" ಅಂದೆ.

"ನಿಮ್ಮಕ್ಕ ತವರಿಗೆ ಹೋಗಬೇಕು, ಹೋಗಬೇಕು ಅಂತಿದ್ಲು. ಆಕಿ ಬದ್ಲಿ ನಾ ಬಂದೀನಿ."

ಅಳಿಯನಾಗಿ ಬಂದಿದ್ದರೆ ಏನು ಮಾಡಬೇಕೆಂದು ನಮಗೆ ಗೊತ್ತಿತ್ತು. ಇವರು ಬಂದದ್ದು ಮಗಳಾಗಿ! ಸೀದಾ ಅಡುಗೆಮನೆಗೆ ಹೋಗಿ, ಮೊರ ಎಳೆದುಕೊಂಡು ತೊಗರಿ ಹಸನು ಮಾಡುತ್ತ ಕೂತು, ತಮ್ಮ ಮನೆಯ ಗೋಳನ್ನೆಲ್ಲ ನನ್ನ ಹೆಂಡತಿಯ ಮುಂದೆ ತೋಡಿಕೊಂಡರು. ತವರಿಂದ ಬರಿಗೈಲಿ ಕಳಿಸಬಾರದಲ್ಲ? ಆಕೆ ರೊಟ್ಟಿಗೆ ನಂಚಿಕೊಳ್ಳುವ ಶೇಂಗಾ ಹಿಂಡಿಯ ಜತೆ ಒಂದು ಕುಬಸದ ಖಣವನ್ನೂ ಇಟ್ಟಳು. ಭಾವ ಒಂಚೂರೂ ನಾಚದೆ ಹೆಗಲ ಟವೆಲ್ಲು ಒಡ್ಡಿ ತಗೊಂಡರು. ಅಲ್ಲಿಂದ ಶುರುವಾದದ್ದು ಪ್ರತಿ ರವಿವಾರದ ಪದ್ಧತಿಯಾಯಿತು.

ಈ ಸಲದ ಮಳೆಗಾಲದಲ್ಲಿ ಅವರ ಬಲಗೈಗೆ ಲಕ್ವಾ ಹೊಡೆಯಿತು. ಕಾಲು ಉಳಿಯಿತು, ಮಾತು ಉಳಿಯಿತು, ಕೈಯ ಹಿಡಿತ ಮಾತ್ರ ಹೋಯಿತು. ಚೇತರಿಸಿಕೊಂಡ ಭಾವ ಮೊದಲು ಕೇಳಿದ್ದು ಸೈಕಲ್ಲನ್ನು. ಅವರ ಮಗಳು, ಅಂದರೆ ನನ್ನ ಸೋದರ ಸೊಸೆ, ಅಪ್ಪನ ಹಟವನ್ನು ಹಾಗೇ ಎರಕ ಹೊಯ್ದಂಥವಳು. ಸೈಕಲ್ಲಿಗೆ ಬೀಗ ಹಾಕಿ ಒಂದು ಕರಾರು ಇಟ್ಟಳು.

"ಹೈವೇದಾಗ ಪಂಕ್ಚರಾದ್ರ ಯಾರ್ ಬರ್ತಾರ? ಚಕ್ರ ಬಿಚ್ಚಿ ಹಾಕೋದು ನಿನ್ನ ಕೈಲೇ ಆಗ್ತದ ಅಂತ ತೋರ್ಸು, ಹೋಗು. ಇಲ್ಲಾಂದ್ರ ಬಸ್ಸು."

ಭಾವ ನನಗೆ ಫೋನು ಮಾಡಿದರು. "ತಮ್ಮಾ, ನನ್ನ ಕೈಗೆ ಒಪ್ಪೋ ಒಂದು ಹತಾರ ನೋಡು. ಜೇಬಿನ್ಯಾಗ ಹಿಡೀಬೇಕು."

ಇಂಥ ಕೆಲಸವನ್ನು ನನಗೆ ಒಪ್ಪಿಸುವುದೇ? ನಾನು ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂಬ ಚಿಂತೆಯಿಂದ ಪರರ ಮದುವೆಯ ಊಟದ ಪಂಕ್ತಿಯಿಂದ ಎದ್ದು ಬಂದವನು. ಬಂದು ನೋಡಿದರೆ ಸಿಲಿಂಡರೇ ಖಾಲಿ. ಭಾವ ಹೋದರೆ ಲಾರಿಯ ಚಿಂತೆ, ಹೋಗದಿದ್ದರೆ ಅವರ ಮುಖದ ಚಿಂತೆ. ಎರಡನ್ನೂ ಹೊತ್ತುಕೊಂಡು ಮೊಬೈಲಿನಲ್ಲಿ ಹುಡುಕಿ, ಚಾಕುವಿನ ಹಾಗೆ ಮಡಚುವ, ಬೆಳ್ಳಿಯ ಹಾಗೆ ಹೊಳೆಯುವ ಒಂದು ಮಲ್ಟಿಟೂಲ್ ತರಿಸಿದೆ. ಬಿಚ್ಚಿದರೆ ನವಿಲು ಗರಿ ಕೆದರಿದಂತೆ ಒಂದೊಂದೇ ಆರು ಮೂಲೆಯ ಅಲೆನ್ ಕೀ! ಬಸವಕಲ್ಯಾಣಕ್ಕೆ ಒಯ್ದು ಕೊಟ್ಟೆ. ಭಾವ ಅದನ್ನು ಹಿಡಿದುಕೊಂಡು ಸೈಕಲ್ಲಿಗೆ ಪ್ರದಕ್ಷಿಣೆ ಹಾಕಿದರು. ಆ ಕೀಲಿಗಳು ಕೂರುವ ಒಂದೇ ಒಂದು ತೂತೂ ಆ ಹಳೆಯ ಸೈಕಲ್ಲಿನಲ್ಲಿರಲಿಲ್ಲ. ಎಲ್ಲ ನಟ್ಟು, ಎಲ್ಲಕ್ಕೂ ಪಾನಾ, ಅಂದರೆ ಸ್ಪ್ಯಾನರು, ಬೇಕು.

"ಚಂದ ಅದ ತಮ್ಮಾ," ಅಂದರು. "ಇದಕ್ಕ ತಕ್ಕ ಸೈಕಲ್ ಯಾವಾಗ ಬರ್ತದ?"

ಅದರ ಸ್ಕ್ರೂಡ್ರೈವರಿನಿಂದ ನನ್ನ ಮೂಗಿನ ಮೇಲಿನ ಚಾಳೀಸಿನ ಕಡ್ಡಿ ಬಿಗಿ ಮಾಡಿಕೊಂಡು ಮರಳಿದೆ.

ಆಮೇಲೆ ಹುಮನಾಬಾದಿನ ಹಾರ್ಡ್‌ವೇರ್ ಅಂಗಡಿಯಿಂದ, ಎರಡೂ ತುದಿ ಗುಂಡಗಿದ್ದು ಸುತ್ತಲೂ ಬೇರೆ ಬೇರೆ ಅಳತೆಯ ತೂತುಗಳಿರುವ ಪಾನಾ ಒಯ್ದೆ. "ಗಿಡ್ಡ ಆತು, ಜೋರು ಸಿಗಂಗಿಲ್ಲ" ಅಂದರು. ಉದ್ದನೆಯದು ಒಯ್ದೆ. "ಜಾರತದ, ಉಕ್ಕು ಸರಿ ಇಲ್ಲ" ಅಂದರು. ನನಗೆ ರೇಗಿತು. ನಮ್ಮಕ್ಕನನ್ನು ನೋಡಲು ಬಂದಾಗ ಉಪ್ಪಿಟ್ಟಿನ ತಾಟಿನಿಂದ ತಲೆ ಎತ್ತದೆ ಹೂಂ ಅಂದಿದ್ದ ಮನುಷ್ಯ ಪಾನಾ ನೋಡುವಾಗ ಇಷ್ಟು ಕೊಂಕು ತೆಗೆಯುವುದೇ? ಆದರೆ ಅವತ್ತು ಚಹಾ ಕುಡಿದು ಹೊರಗೆ ಬಂದಾಗ ಕಂಡೆ: ಭಾವ ಸೈಕಲ್ಲಿನ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಬಲಗೈಯ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಪಾನಾದ ಮೇಲೆ ಮಡಚಿ ಇಡುತ್ತಿದ್ದರು. ಬಿಟ್ಟ ಕೂಡಲೇ ಅವು ತೆರೆದುಕೊಳ್ಳುತ್ತಿದ್ದವು. ನಾನು ಕೆಮ್ಮಿ, ಸ್ವಲ್ಪ ತಡೆದು ಮುಂದೆ ಹೋದೆ.

"ಉಕ್ಕೇ ಸರಿ ಇಲ್ರಿ ಭಾವಾ. ಬೇರೆ ತರ್ತೀನಿ" ಅಂದೆ.

ಈ ಸಲ ಉದ್ದ ಹಿಡಿಯ ಪಾನಾಕ್ಕೆ ಹಳೇ ಟ್ಯೂಬು ಸುತ್ತಿ, ಜಾರದಂತೆ ಗಟ್ಟಿ ಮಾಡಿ ಒಯ್ದೆ. ಮಗಳು ಕಟ್ಟೆಯ ಮೇಲೆ ಕೂತಳು. ಪರೀಕ್ಷೆ ಶುರುವಾಯಿತು. ಬಲಗೈ ಸುಮ್ಮನಿತ್ತು. ಭಾವ ಎಡಗೈಯಿಂದಲೇ, ಹಲ್ಲು ಕಚ್ಚಿ, ಮುಂದಿನ ಚಕ್ರದ ಒಂದು ನಟ್ಟು ಬಿಚ್ಚಿದರು. ನಾನು ಚಪ್ಪಾಳೆ ತಟ್ಟುವುದರಲ್ಲಿದ್ದೆ. ಆಚೆ ಬದಿಯ ನಟ್ಟಿಗೆ ಪಾನಾ ಹಾಕಿ ತಿರುಗಿಸಿದರೆ ಅಚ್ಚೇ ಜತೆಗೆ ತಿರುಗತೊಡಗಿತು. ಈಚೆ ಬದಿಯಲ್ಲಿ ಅದನ್ನು ಗಟ್ಟಿ ಹಿಡಿಯಲು ಇನ್ನೊಂದು ಕೈ ಬೇಕು. ನಾನು ಎಷ್ಟು ಹುಡುಕಿದರೂ ಯಾವ ಕಂಪನಿಯೂ ಅದನ್ನು ಮಾಡಿರಲಿಲ್ಲ. ತಿರುಗಿಸಿದರು, ತಿರುಗಿತು. ಮತ್ತೆ ತಿರುಗಿಸಿದರು. ನಾನು ಕೈ ಹಾಕಲು ಬಗ್ಗಿದೆ. ಸೋದರ ಸೊಸೆ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದಳು.

ಭಾವ ಪಾನಾ ಕೆಳಗಿಟ್ಟರು.

"ಈ ಕಡೀದು ನಿಮ್ಮವ್ವ ಹಿಡೀತಿದ್ಲು," ಅಂದರು ಮಗಳಿಗೆ.

"ಅಪ್ಪಾ, ಬಸ್ಸಿಗೆ ಹೋಗು. ಆರಾಮ ಆಗ್ತದ."

"ಆರಾಮ ಯಾರಿಗೆ ಬೇಕವಾ? ಸೈಕಲ್ ಮ್ಯಾಲ ಆಕಿ ಹಿಂದ ಕೂತಿರ್ತಾಳ. ಮಾತಾಡ್ಕೋತ ಹೋಗ್ತೀವಿ. ಬಸ್ಸು ಲಗೂನ ಮುಟ್ಟಿಸಿಬಿಡ್ತದ. ಆಕಿ ಮಾತು ಅರ್ಧಕ್ಕ ಉಳೀತದ."

ಸೊಸೆ ಕೆಳಗೆ ಕೂತು, ಬಿಚ್ಚಿದ ನಟ್ಟನ್ನು ಮತ್ತೆ ಹಾಕಿ ಬಿಗಿ ಮಾಡಿದಳು. ಬಿಗಿ ಮಾಡುತ್ತಲೇ, ಮುಖ ಎತ್ತದೆ, "ಎಲ್ಲಾ ಊರಿಗೂ ನಿಂದ್ರೋ ಬಸ್ಸೂ ಅದಾವ ಅಪ್ಪಾ" ಅಂದಳು. "ಭಾಳ ತಡಾ ಮಾಡ್ತಾವ."

ರವಿವಾರ ನಾನು ಹುಮನಾಬಾದಿನ ಬಸ್ ನಿಲ್ದಾಣದಲ್ಲಿ, ಹೊತ್ತಿಗೆ ಮೊದಲೇ ಹೋಗಿ, ವೇಗದ ಬಸ್ಸುಗಳೆಲ್ಲ ಬಂದು ಹೋಗುವುದನ್ನು ನೋಡುತ್ತ ನಿಂತಿದ್ದೆ. ಕಡೆಗೆ ಆ ತಡಮಾಡುವ ಬಸ್ಸು ಬಂತು. ಭಾವ ಎಡಗೈಯಿಂದ ಕಂಬಿ ಹಿಡಿದು ಮೆಲ್ಲಗೆ ಇಳಿದರು.

"ಹ್ಯಾಂಗಾತ್ರಿ ಭಾವಾ?"

"ರಾಜೇಶ್ವರ ಊರು ಬರೋ ತನಕಾ ಸಿಟ್ಟಿನ್ಯಾಗ ಇದ್ಲು. ಮಾತೇ ಆಡಲಿಲ್ಲ."

"ಆಮ್ಯಾಲ?"

"ಆಮ್ಯಾಲ ಬಾಜೂ ಸೀಟಿನಾಂವ ಇಳದು ಹ್ವಾದ," ಅಂದರು ಭಾವ. "ಆಕಿಗೆ ಜಾಗ ಆತು."